ಹಳೇ ದೋಣಿಗೆ ಎಷ್ಟು ಎಚ್‌ಪಿ ಬೇಕು?

ಸಂಪಾದಕರೇ,

ಸೀಮೆಎಣ್ಣೆ ನಂಬಿ ಕೂರುವ ಕಾಲ ಹೋಯಿತು, ನಮ್ಮ ಕಡೆ ನಾಡದೋಣಿಯವರು ಒಬ್ಬೊಬ್ಬರಾಗಿ ಪೆಟ್ರೋಲ್ ಎಂಜಿನ್ ತರುತ್ತಿದ್ದಾರೆ. ಒಳ್ಳೆಯದೇ. ಆದರೆ ಅಂಗಡಿಯಲ್ಲಿ ಎಷ್ಟು ಎಚ್‌ಪಿ ಅಂತ ಮಾತ್ರ ಕೇಳುತ್ತಾರೆ, ದೋಣಿಯ ವಯಸ್ಸು ಯಾರೂ ಕೇಳುವುದಿಲ್ಲ.

ಹೋದ ವರ್ಷ ನಾನೂ ಎಡವಿದೆ. ನನ್ನ 20 ವರ್ಷದ ಫೈಬರ್ ದೋಣಿಗೆ 9.9 ಎಚ್‌ಪಿ ಸಾಕಿತ್ತು, ಪಕ್ಕದವರನ್ನು ನೋಡಿ 25ರದ್ದು ತಂದೆ. ಎರಡೇ ತಿಂಗಳು, ಎಂಜಿನ್ ಕೂರುವ ಹಿಂದಿನ ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಬೆರಳಿಟ್ಟು ಒತ್ತಿದರೆ ನೀರು ಜಿನುಗುತ್ತಿತ್ತು, ಫೈಬರ್ ಒಳಗಿನ ಮರ ಪೂರಾ ಕುಂಬಾಗಿತ್ತು! ಫೋರ್ ಸ್ಟ್ರೋಕ್ ಎಂಜಿನ್ ಪೆಟ್ರೋಲ್ ಕಮ್ಮಿ ಕುಡಿಯುತ್ತದೆ ನಿಜ, ಆದರೆ ಅಷ್ಟೇ ಎಚ್‌ಪಿಯ ಟೂ ಸ್ಟ್ರೋಕಿಗಿಂತ ಭಾರ ಜಾಸ್ತಿ, ಅದನ್ನೆಲ್ಲ ಹೊರುವುದು ಆ ಹಲಗೆಯೇ ಅಲ್ವಾ?

ಶಾಫ್ಟಿನ, ಅಂದರೆ ಎಂಜಿನ್ನಿನಿಂದ ನೀರೊಳಗಿನ ಫ್ಯಾನಿಗೆ ಇಳಿಯುವ ಕಾಲಿನ ಉದ್ದವನ್ನೂ ನೋಡಬೇಕು. 15 ಇಂಚಿನದು, 20 ಇಂಚಿನದು ಅಂತ ಬರುತ್ತದೆ. ಹಲಗೆ ಎತ್ತರವಿದ್ದು ಶಾಫ್ಟ್ ಗಿಡ್ಡವಾದರೆ ತೆರೆ ಎದ್ದಾಗ ಫ್ಯಾನು ಗಾಳಿಯಲ್ಲಿ ಸುಮ್ನೆ ತಿರುಗುತ್ತದೆ, ಅಳಿವೆ ದಾಟುವಾಗ ಅದು ಆಟವಲ್ಲ.

ಎಂಜಿನ್ನಿಗೆ ಸಹಾಯಧನ ಕೊಡುವಾಗ ಮೀನುಗಾರಿಕೆ ಇಲಾಖೆಯವರು ದಡಕ್ಕೆ ಬಂದು ದೋಣಿಯನ್ನೂ ಒಮ್ಮೆ ನೋಡಲಿ, ಹಲಗೆ ಬದಲಿಸಲು ಸ್ವಲ್ಪ ಹಣವನ್ನೂ ಸೇರಿಸಲಿ.

– ಒಬ್ಬ ನಾಡದೋಣಿ ಮೀನುಗಾರ, ಗಂಗೊಳ್ಳಿ