ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ: ತಾಳಗುಪ್ಪ ಲೈನಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಭದ್ರಾವತಿ ಹತ್ತಿರ ನನ್ನ ಅಕ್ಕನ ಮಗ ಟಿಟಿಇ (ಟಿಕೆಟ್ ಪರೀಕ್ಷಕರು) ಕೈಗೆ ಸಿಕ್ಕಿಬಿದ್ದ. ಶಿವಮೊಗ್ಗ ಕೌಂಟರಿನಲ್ಲಿ ಉದ್ದ ಕ್ಯೂ, ರೈಲು ಹೊರಡೋ ಹೊತ್ತು, ಹಾಗೇ ಹತ್ತಿಬಿಟ್ಟಿದ್ದಾನೆ. ಜೇಬಲ್ಲಿ ಇದ್ದದ್ದು ಮಡಚಿದ 100ರ ಒಂದೇ ನೋಟು.

ಟಿಕೆಟ್ ದರದ ಜೊತೆಗೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದು ದಂಡ. ಎಲ್ಲಿ ಹತ್ತಿದಿರಿ ಅಂತ ಅನುಮಾನ ಬಂದರೆ ರೈಲು ಹೊರಟ ಊರಿನಿಂದಲೇ ಲೆಕ್ಕ. ಆನಂದಪುರದಲ್ಲಿ ಹತ್ತಿದವರಿಗೂ ತಾಳಗುಪ್ಪದ ದರ ಬೀಳಬಹುದು.

ಅಲ್ಲಿ ವಾದ ಮಾಡೋದು ಸುಮ್ನೆ ವ್ಯರ್ಥ. ಕಟ್ಟಿ, ರಸೀದಿ ಕೇಳಿ ತಗೊಳ್ಳಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಟ್ಟದಿದ್ದರೆ ವಿಷಯ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ಮೋಸ ಮಾಡುವ ಉದ್ದೇಶ ಅಂತ ಸಾಬೀತಾದರೆ 1989ರ ರೈಲ್ವೆ ಕಾಯ್ದೆಯ 137ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೇರೆಯವರ ಪಾಸ್ ತೋರಿಸೋದಂತೂ ಬೇಡವೇ ಬೇಡ.

ಇನ್ನೊಂದು, ಬೆಂಗಳೂರಿಗೆ ಹೋಗೋರಿಗೆ. ಮೊಬೈಲಲ್ಲಿ ತೆಗೆದ ಟಿಕೆಟ್ ಚಾರ್ಟ್ (ಸೀಟು ಸಿಕ್ಕವರ ಪಟ್ಟಿ) ಆದ ಮೇಲೂ ಪೂರ್ತಿ ವೇಟಿಂಗಲ್ಲೇ ಉಳಿದರೆ ತಾನಾಗಿಯೇ ರದ್ದಾಗುತ್ತದೆ. ಅದನ್ನು ಹಿಡಿದು ಹತ್ತಿದರೂ ಟಿಕೆಟ್ ಇಲ್ಲದವರ ಲೆಕ್ಕವೇ. ತುಂಬಾ ಜನಕ್ಕೆ ಇದು ಗೊತ್ತಿಲ್ಲ, ಅಲ್ವಾ?

ನಮ್ಮ ಹುಡುಗನ ದಂಡ ಪಕ್ಕದ ಸೀಟಿನ ಅಜ್ಜಿ ಕಟ್ಟಿದರಂತೆ. ಅವರ ನಂಬರ್ ಕೂಡ ತಗೊಂಡಿಲ್ಲ, ಪೆದ್ದ.