ಖುಲಾಸೆಯ ಸುದ್ದಿ ಸಂತ್ರಸ್ತೆಗೂ ತಲುಪಲಿ

ಮಾನ್ಯ ಸಂಪಾದಕರೇ,

ಮಾನವ ಕಳ್ಳಸಾಗಣೆಯ ಪ್ರಕರಣದಲ್ಲಿ ಆರೋಪಿಗಳು ಖುಲಾಸೆಗೊಂಡ ಮೇಲೆ ಸರ್ಕಾರವೋ ಸಂತ್ರಸ್ತರೋ ಮೇಲ್ಮನವಿ ಸಲ್ಲಿಸಿದರೆ, ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ನಡೆಸಿದಂತಾಗುವುದಿಲ್ಲವೇ ಎಂಬ ಆಕ್ಷೇಪ ಕೇಳಿಬರುತ್ತದೆ. ಕಾನೂನು ನೆರವಿನ ವಕೀಲೆಯಾಗಿ ಇಂತಹ ಕೆಲವು ಪ್ರಕರಣಗಳನ್ನು ಹತ್ತಿರದಿಂದ ಕಂಡಿರುವ ನಾನು ಈ ಆಕ್ಷೇಪಕ್ಕೆ ಉತ್ತರಿಸಬಯಸುತ್ತೇನೆ; ಅದಕ್ಕಿಂತ ಮುಖ್ಯವಾಗಿ, ಯಾರ ಗಮನಕ್ಕೂ ಬಾರದೆ ಉಳಿದಿರುವ ಒಂದು ಕೊರತೆಯನ್ನು ಹೇಳಬೇಕಾಗಿದೆ.

ಸಂವಿಧಾನದ 20(2)ನೇ ವಿಧಿ ನಿಷೇಧಿಸುವುದು ಒಂದೇ ಅಪರಾಧಕ್ಕೆ ಒಂದಕ್ಕಿಂತ ಹೆಚ್ಚು ಸಲ ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವುದನ್ನು. ಖುಲಾಸೆಯಾದವರಿಗೆ ರಕ್ಷಣೆ ದೊರೆಯುವುದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 300ನೇ ಕಲಮಿನಿಂದ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಮಿನಿಂದ. ಆ ಕಲಮು ಕೂಡ ಖುಲಾಸೆಯ ಆದೇಶ ‘ಜಾರಿಯಲ್ಲಿರುವಾಗ’ ಮಾತ್ರ ಹೊಸ ವಿಚಾರಣೆಗೆ ಅಡ್ಡಿಯಾಗುತ್ತದೆ. ಮೇಲ್ಮನವಿ ಹೊಸ ವಿಚಾರಣೆಯಲ್ಲ. ಅದೇ ಪ್ರಕರಣದ ಮುಂದುವರಿಕೆ. ಅಮೆರಿಕದಲ್ಲಿ ಖುಲಾಸೆಯ ವಿರುದ್ಧ ಸರ್ಕಾರ ಮೇಲ್ಮನವಿ ಹೋಗುವಂತಿಲ್ಲ ಎಂಬುದು ನಿಜ, ಆದರೆ ನಮ್ಮ ಕಾನೂನು ಬೇರೆ ದಾರಿಯನ್ನು ಆರಿಸಿಕೊಂಡಿದೆ.

ಸಂತ್ರಸ್ತರಿಗೇ ಮೇಲ್ಮನವಿಯ ಹಕ್ಕು ಸಿಕ್ಕಿದ್ದು 2009ರ ಡಿಸೆಂಬರ್ 31ರಂದು ಜಾರಿಗೆ ಬಂದ, ದಂಡ ಪ್ರಕ್ರಿಯಾ ಸಂಹಿತೆಯ ತಿದ್ದುಪಡಿಯಿಂದ. ಸರ್ಕಾರ ಹೈಕೋರ್ಟಿಗೆ ಹೋಗಬೇಕಾದರೆ ಮೊದಲು ಅನುಮತಿ ಪಡೆಯಬೇಕು. ಸಂತ್ರಸ್ತರಿಗೆ ಆ ಅನುಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 12ರಂದು ಬಹುಮತದ ತೀರ್ಪಿನಲ್ಲಿ ಹೇಳಿತು. ಆ ಪ್ರಕರಣ ಹೋಗಿದ್ದು ನಮ್ಮ ರಾಜ್ಯದಿಂದಲೇ.

ಆದರೆ ಖುಲಾಸೆಯಾಗಿದೆ ಎಂಬುದೇ ತಿಳಿಯದವಳು ಮೇಲ್ಮನವಿ ಹಾಕುವುದು ಹೇಗೆ? ಕೆಲಸ ಕೊಡಿಸುವುದಾಗಿ ನಂಬಿಸಿ ಹೊರರಾಜ್ಯದಿಂದ ಕರೆತಂದ ಹುಡುಗಿಯೊಬ್ಬಳು ಸಾಕ್ಷಿ ನುಡಿದು, ದಿನವಿಡೀ ಪಾಟಿಸವಾಲು ಎದುರಿಸಿ ಊರಿಗೆ ಮರಳಿದ್ದಳು. ಪ್ರಕರಣ ಬಿದ್ದುಹೋದದ್ದು ಅವಳಿಗೆ ತಿಳಿದದ್ದು ನ್ಯಾಯಾಲಯದಿಂದಲ್ಲ, ಅವಳನ್ನು ಕರೆತಂದಿದ್ದ ಮಧ್ಯವರ್ತಿಯೇ ಊರ ಸಂತೆಯಲ್ಲಿ ಎದುರಾದಾಗ. ಆ ಹೊತ್ತಿಗೆ ತೀರ್ಪು ಬಂದು ವರ್ಷ ಕಳೆದಿತ್ತು. ಸರ್ಕಾರವೂ ಮೇಲ್ಮನವಿ ಸಲ್ಲಿಸಿರಲಿಲ್ಲ. ಫೋನಿನಲ್ಲಿ ಅವಳ ದನಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ಸಂತ್ರಸ್ತರಿಗೆ ತಿಳಿಸಬೇಕೆಂದು ಹೊಸ ಸಂಹಿತೆಯ 193ನೇ ಕಲಮು ಪೊಲೀಸರಿಗೆ ವಿಧಿಸಿದೆ. ವಿಚಾರಣೆ ಮುಗಿದು ತೀರ್ಪು ಬಂದಾಗಲೂ ಇಂತಹದೇ ಹೊಣೆ ಯಾರದಾದರೂ ಆಗಬೇಡವೇ? ತೀರ್ಪಿನ ಪ್ರತಿ ಬೇಕಾದರೆ ಅವಳು ಅರ್ಜಿ ಹಾಕಿ ಶುಲ್ಕ ಕಟ್ಟಬೇಕು. ಪ್ರತಿ ಕೈಸೇರಿದರೂ ಅದು ಅವಳು ಓದಬಲ್ಲ ಭಾಷೆಯಲ್ಲಿ ಇರುವುದು ಅಪರೂಪ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಕಳ್ಳಸಾಗಣೆಗೆ ಒಳಗಾದವರು ಆದಾಯದ ಮಿತಿಯಿಲ್ಲದೆ ಉಚಿತ ನೆರವಿಗೆ ಅರ್ಹರು. ಆದ್ದರಿಂದ ತೀರ್ಪು ಹೊರಬಿದ್ದ ಕೂಡಲೇ ಅದರ ಪ್ರತಿಯನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳುಹಿಸಿ, ಅಲ್ಲಿಂದ ಸಂತ್ರಸ್ತೆಯ ಊರಿನ ಪ್ರಾಧಿಕಾರದ ಮೂಲಕ, ಅವಳ ವಿಳಾಸದ ಗೋಪ್ಯತೆಗೆ ಭಂಗ ಬಾರದಂತೆ, ಅವಳ ಭಾಷೆಯಲ್ಲೇ ವಿಷಯ ತಿಳಿಸುವ ವ್ಯವಸ್ಥೆಯನ್ನು ಹೈಕೋರ್ಟ್ ಸುತ್ತೋಲೆಯ ಮೂಲಕ ಜಾರಿಗೆ ತರಬಹುದು.

ಪ್ರತಿಯೊಂದು ಖುಲಾಸೆಯನ್ನೂ ಪ್ರಶ್ನಿಸಬೇಕೆಂದು ನಾನು ಹೇಳುತ್ತಿಲ್ಲ. ಮೇಲ್ಮನವಿ ನ್ಯಾಯಾಲಯ ಸಾಕ್ಷ್ಯವನ್ನೆಲ್ಲ ಮರುಪರಿಶೀಲಿಸಬಹುದಾದರೂ, ಖುಲಾಸೆಯಿಂದ ಆರೋಪಿಯ ನಿರ್ದೋಷಿತನದ ಭಾವನೆ ಇಮ್ಮಡಿಯಾಗುತ್ತದೆ, ಎರಡು ನಿರ್ಣಯಗಳು ಸಾಧ್ಯವಿರುವಲ್ಲಿ ಖುಲಾಸೆಗೆ ಕೈಹಚ್ಚಬಾರದು ಎಂದು 2007ರಲ್ಲಿ ಕರ್ನಾಟಕದ್ದೇ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಇದು ಸರಿಯಾದ ಎಚ್ಚರಿಕೆ. ಅಧಿಕಾರವಿಲ್ಲದ ಅಧಿಕಾರಿ ತನಿಖೆ ನಡೆಸಿದ್ದರೆ, ಶೋಧನೆಗೆ ತಕ್ಕ ಪಂಚರನ್ನು ಕರೆಯದಿದ್ದರೆ, ಆ ಲೋಪಗಳನ್ನೆಲ್ಲ ಮೇಲ್ಮನವಿ ತುಂಬಿಕೊಡಲಾರದು. ಆದರೆ ದಿನಾಂಕ, ಕೋಣೆ, ಮೊತ್ತದಂತಹ ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಹುಡುಗಿಯ ಇಡೀ ಹೇಳಿಕೆಯನ್ನೇ ತಳ್ಳಿಹಾಕಿದ ತೀರ್ಪುಗಳ ಮಾತೇ ಬೇರೆ. ಕಳ್ಳಸಾಗಣೆಗೆ ಒಳಗಾದ ಅಪ್ರಾಪ್ತೆ ಅಪರಾಧದಲ್ಲಿ ಪಾಲುದಾರಳಲ್ಲ, ಗಾಯಗೊಂಡ ಸಾಕ್ಷಿಗೆ ಸಲ್ಲುವ ಮನ್ನಣೆ ಅವಳ ಮಾತಿಗೂ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪೀಣ್ಯ ಠಾಣೆಯ ಪ್ರಕರಣದಲ್ಲಿ ಹೇಳಿದ ಮೇಲಂತೂ ಅಂತಹ ಖುಲಾಸೆಗಳನ್ನು ಪ್ರಶ್ನಿಸದೆ ಬಿಡುವುದು ತಪ್ಪಾಗುತ್ತದೆ.

ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಪ್ರಕರಣಗಳಲ್ಲಿ ಮೇಲ್ಮನವಿಯ ಕುರಿತು ಅಭಿಪ್ರಾಯ ನೀಡುವ ಹೊಣೆಯನ್ನು ಹೊಸ ಸಂಹಿತೆ, ಸರ್ಕಾರದ ಪರ ವಾದಿಸುವ ಅಭಿಯೋಜಕರ ಮೇಲಧಿಕಾರಿಯಾದ ಅಭಿಯೋಜನಾ ನಿರ್ದೇಶಕರಿಗೆ ವಹಿಸಿದೆ. ಸರ್ಕಾರದ ಮೇಲ್ಮನವಿಗೆ ಇರುವುದು 90 ದಿನಗಳ ಕಾಲಾವಧಿ. ಅದು ಮುಗಿಯುವ ಮೊದಲೇ, ಮೇಲ್ಮನವಿ ಹೋಗುತ್ತೇವೆಯೋ ಇಲ್ಲವೋ, ಇಲ್ಲವಾದರೆ ಏಕೆ ಎಂಬುದನ್ನು ಸಂತ್ರಸ್ತೆಗೆ ಬರಹದಲ್ಲಿ ತಿಳಿಸುವಂತೆ ಗೃಹ ಇಲಾಖೆ ಆದೇಶ ಹೊರಡಿಸಬೇಕೆಂದು ಈ ಪತ್ರದ ಮೂಲಕ ಒತ್ತಾಯಿಸುತ್ತೇನೆ.

– ವಕೀಲೆ, ಧಾರವಾಡ