ಆಯುಕ್ತರೇ, ಗೂಡಿರುವಾಗ ಜೊಂಡು ಕೀಳಿಸಬೇಡಿ

ನಗರದ ಆಯುಕ್ತರಿಗೆ ನಮಸ್ಕಾರ.

ಇದು ನನ್ನ ನಾಲ್ಕನೇ ಪತ್ರ. ಹಿಂದಿನ ಮೂರಕ್ಕೂ ನಿಮ್ಮ ಕಚೇರಿಯ ಸೀಲು ಬಿತ್ತು, ಉತ್ತರ ಮಾತ್ರ ಬರಲಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ದಿನಾ ಬೆಳಗ್ಗೆ ಕೆರೆ ಸುತ್ತಿ, ಕಂಡ ಹಕ್ಕಿಗಳನ್ನೆಲ್ಲ ಬರೆದಿಟ್ಟುಕೊಂಡು, ಹಕ್ಕಿಗಳ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕುವವನು. ಈ ವರ್ಷದ ಪಟ್ಟಿ ನೋಡಿದರೆ ನಿಮಗೂ ಖುಷಿಯಾದೀತು. ಚಳಿಗಾಲದಲ್ಲಿ ಮೀನು ಬೇಟೆಯಾಡುವ ಆಸ್ಪ್ರೇ ಹಕ್ಕಿ ಬಂತು. ಕಾಲು ಚಾಚಿ ನೀರಿಗೆ ಬಿದ್ದು, ಹಿಡಿದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಹಾರಿಹೋಯಿತು. ಎತ್ತರದ ಕಟ್ಟಡವೊಂದರ ಅಂಚಿನಲ್ಲಿ ಕೂತು ಪಾರಿವಾಳಕ್ಕೆ ಹೊಂಚು ಹಾಕುತ್ತಿದ್ದ ಪೆರಿಗ್ರಿನ್ ಗಿಡುಗವನ್ನೂ ನೋಡಿದೆ. ಎರಗುವಾಗ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಇವೆಲ್ಲ ನಮ್ಮ ನಗರದೊಳಗೇ!

ಆದರೆ ನನಗೆ ಈ ವರ್ಷ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ನೀರಲ್ಲಿ ಮುಳುಗಿ ಏಳುವ ಒಂದು ಪುಟ್ಟ ಹಕ್ಕಿ, ಗುಳುಮುಳುಕ. ಅಪರೂಪದ ಹಕ್ಕಿಯೇನಲ್ಲ. ಜೊಂಡಿಗೆ ಸಿಕ್ಕಿಸಿ ತೇಲುವ ಗೂಡು ಕಟ್ಟಿತ್ತು. ಎದ್ದು ಹೋಗುವಾಗೆಲ್ಲ ಕೊಕ್ಕಿನಿಂದ ಒದ್ದೆ ಕಳೆ ಎಳೆದೆಳೆದು ಮೊಟ್ಟೆ ಮುಚ್ಚಿ ಹೋಗುತ್ತಿತ್ತು. ಮರಿ ಆಗಲು ಮೂರು ವಾರ ಬೇಕು. ಎರಡು ವಾರ ಕಳೆದಿತ್ತು.

ಆಗ ಜೆಸಿಬಿ ಬಂತು. ಕೆರೆ ಚಂದ ಮಾಡುವ ಕೆಲಸವಂತೆ. ನಾನು ಓಡಿಹೋಗಿ ಮೇಸ್ತ್ರಿಗೆ ಬೈನಾಕ್ಯುಲರ್ ಕೊಟ್ಟು ಗೂಡು ತೋರಿಸಿದೆ. ಅವರು ನೋಡಿದರು, ಪಾಪ, ಬೇಜಾರೂ ಮಾಡಿಕೊಂಡರು. 'ಆರ್ಡರ್ ಇದೆ ಸಾರ್, ನಾನೇನು ಮಾಡಲಿ' ಅಂದರು. ನಿಮ್ಮ ಕಚೇರಿಗೆ ಫೋನ್ ಮಾಡಿದೆ, ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಕಳಿಸುತ್ತಲೇ ಇದ್ದರು, ಅಷ್ಟರಲ್ಲಿ ಜೊಂಡೆಲ್ಲ ದಡದ ಮೇಲೆ ರಾಶಿ ಬಿದ್ದಿತ್ತು. ಸಂಜೆ ಆ ರಾಶಿಯಲ್ಲಿ ಒಂದು ಮೊಟ್ಟೆ ಸಿಕ್ಕಿತು. ಮೊದಲು ಬೆಳ್ಳಗಿದ್ದದ್ದು ಕಳೆಯ ಬಣ್ಣ ಹತ್ತಿ ಕಂದಾಗಿತ್ತು. ಮುಟ್ಟಿದೆ, ತಣ್ಣಗಿತ್ತು. ಹಕ್ಕಿ ಇನ್ನೂ ಅಲ್ಲೇ, ಗೂಡಿದ್ದ ಜಾಗದಲ್ಲೇ ಸುತ್ತುತ್ತಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗೂಡು ಕಟ್ಟುವ ಕಾಲದಲ್ಲಿ ಇಂಥ ಕೆಲಸ ಮಾಡಬಾರದು ಅನ್ನುವುದು ನಿಮಗೆ ಗೊತ್ತಿರದ ವಿಷಯವಲ್ಲ. ಗೊತ್ತಿದ್ದೂ ಹೇಗೆ ಸಹಿ ಹಾಕಿದಿರಿ? ವಲಸೆ ಹಕ್ಕಿಗಳ ಕಷ್ಟ ನೋಡಿ: 2022ರಲ್ಲಿ ಐದು ತಿಂಗಳ ಗಾಡ್‌ವಿಟ್ ಹಕ್ಕಿಯೊಂದು ಅಮೆರಿಕದ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ 13,560 ಕಿ.ಮೀ. ದೂರವನ್ನು 11 ದಿನ ಎಲ್ಲೂ ಇಳಿಯದೆ ಹಾರಿತು. ಹಾಗೆ ದಣಿದು ಬರುವ ಹಕ್ಕಿಗೆ ಬೇಕಿರುವುದು ಒಂದಿಷ್ಟು ಕೆಸರು, ಒಂದಿಷ್ಟು ನೀರು. ಇಲ್ಲೇ ಹುಟ್ಟುವ ಹಕ್ಕಿಗೆ ಒಂದಿಷ್ಟು ಜೊಂಡು. ಅದನ್ನೂ ಬಿಡಲ್ಲ ಅಂದರೆ ಹೇಗೆ ಸಾರ್?

ಗೂಡಿರುವಾಗ ಜೊಂಡಿಗೆ ಕೈ ಹಾಕಬೇಡಿ. ಮರಿಗಳು ಹೊರಟ ಮೇಲೆ, ಒಂದೇ ಸಲ ಎಲ್ಲ ಕೀಳದೆ, ಸ್ವಲ್ಪ ಸ್ವಲ್ಪವಾಗಿ ತೆಗೆಸಿ. ನಾನೇ ಬಂದು ಗೂಡುಗಳ ಜಾಗ ತೋರಿಸುತ್ತೇನೆ. ಆದರೆ ಗೂಡಿರುವಾಗ ಬೇಡ.

ಆಚೆ ದಡದ ಕೆಲಸ ಮುಂದಿನ ಸೋಮವಾರ ಶುರು ಅಂತ ಬೋರ್ಡ್ ಹಾಕಿದ್ದಾರೆ. ಅಲ್ಲಿ ಇನ್ನೊಂದು ಗೂಡಿದೆ, ಇವತ್ತು ಬೆಳಗ್ಗೆ ನೋಡಿಕೊಂಡೇ ಬಂದೆ. ಸೋಮವಾರದೊಳಗೆ ಆ ಆರ್ಡರ್ ನಿಲ್ಲಿಸಿ.

ಇಂತಿ,
ದಿನಾ ಕೆರೆ ಸುತ್ತುವ ಒಬ್ಬ ನಾಗರಿಕ